ಶೆಲ್ಟರ್ ಕಲಿಸಿದ ಸರ್

ಸರ್ ತೀರಿಕೊಂಡ ಮೇಲೆ ಬಳ್ಳಾರಿಯ ಗಾಂಧಿನಗರದ ಒಂದು ಕಲ್ಯಾಣಮಂಟಪದಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದರು. ಹಾಕಿದ ಹಾರ ಫೋಟೋಗಿಂತ ದೊಡ್ಡದಿತ್ತು. ಒಬ್ಬರಾದ ಮೇಲೊಬ್ಬರು ಮೈಕಿನ ಮುಂದೆ ನಿಂತು ಒಂದೇ ಮಾತು ಹೇಳಿದರು: ಅವರ ಕೈಯಲ್ಲಿ ಏಟು ತಿಂದಿದ್ದಕ್ಕೇ ನಾವು ಮನುಷ್ಯರಾದೆವು. ಕೇಳಿ ಕೇಳಿ ನನಗೆ ಮೈ ಉರಿದುಹೋಯಿತು. ಏಟು ತಿಂದವರೆಲ್ಲ ಮನುಷ್ಯರಾಗುವುದಿದ್ದರೆ ಊರೂರಿನ ಲಾಕಪ್ಪುಗಳಿಂದ ಸಂತರು ಸಾಲುಗಟ್ಟಿ ಹೊರಬರಬೇಕಿತ್ತು. ನನ್ನ ಸರದಿ ಬಂದಾಗ ‘ನಮಸ್ಕಾರ’ ಎಂದಷ್ಟೇ ಹೇಳಿ ಕೂತುಬಿಟ್ಟೆ. ಮುಂದಿನ ಸಾಲಿನಲ್ಲಿ ಅದಿರಿನ ಲಾರಿಗಳಿಂದ ಮನೆ ಮೇಲೆ ಮನೆ ಕಟ್ಟಿದವರೇ ಕೂತಿದ್ದರು. ಫೋಟೋದಲ್ಲಿ ಸರ್ ಮುಖ ಮಾತ್ರ ಇತ್ತು, ಕೈ ಇರಲಿಲ್ಲ. ನಾನು ಹೇಳಬೇಕಾಗಿದ್ದು ಆ ಕೈಯ ಬಗ್ಗೆ.

ಕುರುಗೋಡಿನ ಸರ್ಕಾರಿ ಹೈಸ್ಕೂಲಿನಲ್ಲಿ ಅವರು ನಮಗೆ ಇಂಗ್ಲಿಷ್ ಕಲಿಸುತ್ತಿದ್ದರು. ಸ್ವಂತ ಊರು ಸಿರುಗುಪ್ಪದ ಕಡೆ, ಕೆಂಚನಗುಡ್ಡದ ಹತ್ತಿರ ಹೊಳೆದಂಡೆಯ ಹಳ್ಳಿ. ಗಿಡ್ಡ ಆಳು, ದಪ್ಪ ಕುತ್ತಿಗೆ, ಬಾಯಲ್ಲಿ ಸದಾ ಒಂದು ಲವಂಗ. ಅಂಗಿಯ ಬಲತೋಳನ್ನು ಎಡತೋಳಿಗಿಂತ ಒಂದು ಮಡಿಕೆ ಹೆಚ್ಚು ಮಡಚುತ್ತಿದ್ದರು. ಯಾಕೆಂದು ಯಾರೂ ಕೇಳಬೇಕಾಗಿರಲಿಲ್ಲ. ಬೋರ್ಡಿನ ಮೇಲೆ ಬರೆಯುತ್ತ, ಈ ಕಡೆ ತಿರುಗದೆ, ಮರದ ಡಸ್ಟರನ್ನು ಹಿಂದಕ್ಕೆ ಬೀಸಿದರೆ ಅದು ಪಿಸುಗುಡುತ್ತಿದ್ದವನ ತಲೆಗೇ ಬಂದು ಬೀಳುತ್ತಿತ್ತು. ಹಾಗಾಗಿ ಅವರಿಗೆ ಡಸ್ಟರ್ ಸಾರ್ ಎಂದು ಹೆಸರಾಯಿತು.

ನನಗೂ ಅವರೊಂದು ಹೆಸರಿಟ್ಟಿದ್ದರು, ‘ತಗಡು’. ನಮ್ಮಪ್ಪ ಬಸ್‌ಸ್ಟ್ಯಾಂಡಿನ ಎದುರಿಗೆ ತಗಡಿನ ಟ್ರಂಕು, ಕಾಳು ತುಂಬಿಡುವ ಪೆಟ್ಟಿಗೆ ಮಾಡಿ ಮಾರುತ್ತಿದ್ದ. ನಮ್ಮ ಮನೆತನದ ಗಂಡಸರೆಲ್ಲ ತಗಡು ಬಡಿದೇ ಕಿವುಡಾದವರು. ಸರ್ ಹೊಡೆಯುತ್ತಾರೆಂದು ನಾನು ಅಳುತ್ತ ಮನೆಗೆ ಬಂದರೆ ನಮ್ಮಪ್ಪ ಸುತ್ತಿಗೆ ನಿಲ್ಲಿಸದೆ, ‘ಕಲಿಸೋದೂ ಪುಕ್ಕಟೆ, ಹೊಡಿಯೋದೂ ಪುಕ್ಕಟೆ. ಎರಡೂ ತಗೊಂಡು ಬಾ’ ಅನ್ನುತ್ತಿದ್ದ.

ಸರ್ ಪಾಠ ಹೇಳುವ ರೀತಿಯೇ ಬೇರೆ. ಯಾವ ಶಬ್ದದ ಅರ್ಥವನ್ನೂ ಬೋರ್ಡಿನ ಮೇಲೆ ಬರೆಯುತ್ತಿರಲಿಲ್ಲ. ‘ಅರ್ಥ ಬಾಯಾಗ ಇರಲ್ಲಲೇ, ಮೈಯಾಗ ಇರತೈತಿ’ ಎನ್ನುವರು. ಮುಗ್ಗರಿಸುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಕಲಿಸಲು ನಡೆದು ಬರುತ್ತಿದ್ದವನಿಗೆ ಕಾಲು ಅಡ್ಡ ಕೊಟ್ಟು ಬೀಳಿಸಿದರು. ನಡುಗುವುದನ್ನು ಕಲಿಸಲು ಚಳಿಗಾಲದ ಬೆಳಿಗ್ಗೆ ಕೊಡದ ನೀರನ್ನು ಹುಡುಗನೊಬ್ಬನ ಬೆನ್ನಿಗೆ ಸುರಿದರು. ಹಸಿವು ಕಲಿಸುವ ದಿನ ಮಧ್ಯಾಹ್ನದ ಊಟಕ್ಕೆ ಬಿಡಲೇ ಇಲ್ಲ, ಒಬ್ಬ ಹುಡುಗಿ ಎಚ್ಚರ ತಪ್ಪಿ ಬಿದ್ದಳು. ಆ ಶಬ್ದಗಳು ಇವತ್ತಿಗೂ ನಮಗೆ ಮರೆತಿಲ್ಲ ಎಂಬುದು ನಿಜ. ಬೀಳಿಸದೆ, ನೆನೆಸದೆ, ಉಪವಾಸ ಕೆಡವದೆ ಕಲಿಸಿದ್ದರೂ ಮರೆಯುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಇದನ್ನು ನಾನು ಅವರ ಮುಖದ ಮೇಲೂ ಹೇಳಿದ್ದೇನೆ.

ನಾವು ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಅದಿರಿನ ಲಾರಿಗಳ ಕಾಲ ಶುರುವಾಗಿತ್ತು. ದೊಡ್ಡ ರಸ್ತೆಯ ತಪಾಸಣೆ ತಪ್ಪಿಸಿಕೊಂಡು ಅವು ನಮ್ಮೂರಿನೊಳಗೆ ನುಗ್ಗುತ್ತಿದ್ದವು. ಒಣಹಾಕಿದ ಬಟ್ಟೆ, ಮುಚ್ಚಿಟ್ಟ ಅನ್ನ, ಮಸೀದಿಯ ಗೋಡೆ, ಗುಡಿಯ ಮೆಟ್ಟಿಲು, ಎಲ್ಲ ಕೆಂಪಾದವು. ಮೊದಲು ನಾಯಿಗಳು ಗಾಲಿಗೆ ಸಿಕ್ಕವು, ಆಮೇಲೆ ಕರುಗಳು, ಆಮೇಲೆ ಮನುಷ್ಯರು. ನಿದ್ದೆಯಿಲ್ಲದ ಡ್ರೈವರುಗಳು ಕಣ್ಣು ಕೆಂಪಗೆ ಮಾಡಿಕೊಂಡು ಹೆಚ್ಚು ಟ್ರಿಪ್ಪು ಹೊಡೆಯಲು ಹಾತೊರೆಯುತ್ತಿದ್ದರು. ಶಾಲೆ ಬಿಡುವ ಹೊತ್ತಿಗೆ ಸರ್ ರಸ್ತೆಯ ನಡುವೆ ನಿಂತು, ಮಕ್ಕಳು ದಾಟುವವರೆಗೆ ಲಾರಿಗಳ ಬಾನೆಟ್ಟಿಗೆ ಕೊಡೆಯಿಂದ ಬಡಿಯುತ್ತಿದ್ದರು. ಒಮ್ಮೆ ಡ್ರೈವರನೊಬ್ಬ ಇಳಿದು ಬಂದು ಅವರ ಕೊರಳಪಟ್ಟಿ ಹಿಡಿದ. ಸರ್ ತಲೆಯಿಂದ ಅವನ ಮೂಗಿಗೆ ಗುದ್ದಿದರು. ಅವನ ರಕ್ತ ಅವರ ಅಂಗಿಯ ಮೇಲೆ ಬಿತ್ತು. ಅದೇ ಅಂಗಿಯಲ್ಲೇ ಮಾರನೆಯ ದಿನ ಕ್ಲಾಸಿಗೆ ಬಂದರು.

ಅದೇ ವರ್ಷ ಗಣಿಯ ಧಣಿಯೊಬ್ಬರು ಊರಿಗೆ ಬಸ್ ಶೆಲ್ಟರ್ ಕಟ್ಟಿಸಿಕೊಟ್ಟರು. ಅದಕ್ಕಾಗಿ ಅಲ್ಲಿದ್ದ ಬೇವಿನ ಮರ ಕಡಿದರು. ಶೆಲ್ಟರಿನ ಹಣೆಯ ಮೇಲೆ ಬರೆಸಿದ ಊರಿನ ಹೆಸರು ಗೇಣುದ್ದ, ಧಣಿಯ ಹೆಸರು ಮಾರುದ್ದ. ಮರದ ಕೆಳಗೆ ಪೇರಲಹಣ್ಣು ಮಾರುತ್ತಿದ್ದ ದೇವಕ್ಕ ಬುಟ್ಟಿ ಎತ್ತಿಕೊಂಡು ಶೆಲ್ಟರಿನೊಳಗೆ ಹೋಗಿ ಕೂತಳು. ಅವಳ ಮಗ ಈರಣ್ಣ ನಮ್ಮ ಕ್ಲಾಸಿನವನು. ಕಲ್ಲು ಬೀಸಿ ಹುಣಸೆಕಾಯಿ ಉದುರಿಸುವುದರಲ್ಲಿ ಊರಿಗೇ ಹೆಸರಾದವನು. ಒಂದು ದಿನ ಕ್ಲಾಸಿನಲ್ಲಿ ಅವನೇ ಎದ್ದು ನಿಂತು ಕೇಳಿದ:

‘ಸಾರ್, ಶೆಲ್ಟರ್ ಅಂದ್ರೇನ್ರಿ? ನಮ್ಮವ್ವ ಕೇಳ್ಯಾಳ. ದಿನಾ ಅದರಾಗ ಕುಂದ್ರತೀನಿ, ಏನಂತ ತಿಳಕೊಂಡು ಬಾ ಅಂದಾಳ.’

ಸರ್ ಪ್ಲಾಸ್ಟಿಕ್ ಹೊದಿಸಿದ ದಪ್ಪ ನಿಘಂಟು ತೆಗೆದರು. ಮಳೆ ಬಿಸಿಲಿಗೆ ತಲೆ ಮೇಲೆ ಇರುವ ಸೂರು ಒಂದು ಅರ್ಥ. ಬೆನ್ನಟ್ಟಿ ಬಂದವರಿಂದ ತಪ್ಪಿಸಿಕೊಳ್ಳುವ ಮರೆ ಇನ್ನೊಂದು. ಮನೆ ಇಲ್ಲದವರಿಗೆ ಕೊಡುವ ಆಸರೆ ಮತ್ತೊಂದು. ಇನ್ನೊಬ್ಬರಿಗೆ ಅಡ್ಡ ನಿಲ್ಲುವುದಕ್ಕೂ ಅದೇ ಶಬ್ದ. ಇಷ್ಟು ಹೇಳಿ ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿದರು.

‘ಇದು ಎಲ್ಲಿಂದ ಬಂತು ಅಂತ ಪಂಡಿತರಿಗೂ ಖಾತ್ರಿ ಇಲ್ಲ. ಹಳೇ ಇಂಗ್ಲಿಷಿನಾಗ ಢಾಲಿಗೆ, ಅಂದ್ರ ಗುರಾಣಿಗೆ, ಒಂದು ಮಾತು, ದಂಡಿಗೆ ಒಂದು ಮಾತು. ಎರಡೂ ಕೂಡಿದ್ರ, ಢಾಲು ಹಿಡದು ಒತ್ತಿ ನಿಂತ ದಂಡು. ಆ ಮಾತು ಸವದು ಸವದು ಶೆಲ್ಟರ್ ಆಗಿರಬಹುದು ಅಂತಾರ. ಇರಬಹುದು. ಹಂಗಿದ್ರ ಶೆಲ್ಟರ್ ಅಂದ್ರ ಮೊದಲ ಕಟ್ಟಡ ಅಲ್ಲ, ನಿಂತ ಮಂದಿ. ಏಳ್ರಿ ಹೊರಗ.’

ಮೈಯಲ್ಲಿ ಅರ್ಥ ಇಳಿಸುವ ಹೊತ್ತು ಬಂತೆಂದು ನಮಗೆಲ್ಲ ಗೊತ್ತಾಯಿತು. ನನ್ನನ್ನು ಓಡಿಸಿ ನಮ್ಮಂಗಡಿಯಿಂದ ಕಾಳಿನ ಪೆಟ್ಟಿಗೆಗಳ ಮುಚ್ಚಳ ತರಿಸಿದರು. ಅವಕ್ಕೆ ನಡುವೆ ಹಿಡಿ ಇರುತ್ತದೆ, ಎಡಗೈಯಲ್ಲಿ ಹಿಡಿದರೆ ಢಾಲು. ಒಂದು ಸಾಲು ನಿಲ್ಲಿಸಿ, ಮುಚ್ಚಳ ಸಿಗದವರನ್ನು ಅದರ ಹಿಂದೆ ಬಾಗಿಸಿದರು. ದೇವಕ್ಕನ ಹತ್ತಿರ ಒಂದು ಬುಟ್ಟಿ ಗಟ್ಟಿ ಪೇರಲಕಾಯಿ ಕೊಂಡು ಅವಳ ಮಗನ ಮುಂದೆಯೇ ಇಟ್ಟು, ‘ಬೀಸಲೇ’ ಅಂದರು.

ಈರಣ್ಣ ಬೀಸಿದ. ನಾವು ಒಬ್ಬೊಬ್ಬರೂ ನಮ್ಮ ನಮ್ಮ ಮುಖಕ್ಕೆ ಮುಚ್ಚಳ ಹಿಡಿದುಕೊಂಡೆವು. ಕಾಯಿಗಳು ಸಂದಿಯಲ್ಲಿ ನುಗ್ಗಿ ಭುಜ, ಮೊಣಕಾಲು, ಹೊಟ್ಟೆಗೆ ಬಡಿದವು. ಸರ್ ಹಿಂದಿನಿಂದ ಬಂದು ಕಿವಿ ಹಿಂಡುತ್ತ ಒಬ್ಬೊಬ್ಬರನ್ನೂ ಪಕ್ಕದವರಿಗೆ ಒತ್ತಿದರು. ‘ನಿನ್ನ ತಗಡು ನಿನಗಲ್ಲಲೇ, ನಿನ್ನ ಎಡಕ್ಕ ನಿಂತವಗ. ನಿನ್ನ ಕಾಯೋನು ಬಲಕ್ಕ ಅದಾನ.’ ಅದನ್ನು ನಂಬುವುದಕ್ಕೆ ನಮಗೆ ಬಹಳ ಕಾಯಿಗಳು ಬೇಕಾದವು. ಕೊನೆಗೆ ಸಾಲು ಕೂಡಿಕೊಂಡಿತು, ತಗಡಿನ ಮೇಲೆ ಢಣಢಣ ಸದ್ದು ಮಾತ್ರ. ಖುಷಿಯಾಗಿ ನಾನು ಇಣುಕಿ ನೋಡಿದೆ. ಹುಬ್ಬಿನ ಮೇಲೆ ಕಾಯಿ ಬಡಿದು ಚರ್ಮ ಸೀಳಿತು. ನನ್ನ ಹಿಂದೆ ಬಾಗಿದ್ದ ಹುಡುಗಿಗೂ ಒಂದು ಬಿತ್ತು.

ಸರ್ ಕರವಸ್ತ್ರ ಹರಿದು ಹಣೆಗೆ ಕಟ್ಟಿದರು. ಅಯ್ಯೋ ಅನ್ನಲಿಲ್ಲ. ‘ತಗಡು, ನೀ ಇಣುಕಿದ್ದಕ್ಕ ಆಕಿಗೂ ಬಿತ್ತು, ನೋಡು’ ಅಂದರು. ಈರಣ್ಣ ಮಾತ್ರ ಗೋಳೋ ಎಂದು ಅತ್ತ. ಸಂಜೆ ದೇವಕ್ಕ ನಮ್ಮ ಮನೆಗೆ ಬಂದು, ಗಾಯಕ್ಕೆ ಅರಿಶಿನ ಒತ್ತಿ, ನನ್ನ ಮಡಿಲಿಗೆ ಹಣ್ಣು ಸುರಿದು, ‘ನನ್ನ ಕಾಯಿ, ನನ್ನ ಮಗ, ನನಗ ಬೈ ಬೇ’ ಅಂದಳು. ನಮ್ಮವ್ವ ಸರ್‌ಗೆ ಬೈದಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಮುಂದೆ ಆ ಕಲೆ ನೋಡಿ ನನ್ನ ಮದುವೆಯ ಎಷ್ಟು ಸಂಬಂಧಗಳು ಮುರಿದವೋ. ನೋಡಲು ಬಂದವರು ನನ್ನ ಹಣೆಯ ಜೊತೆಗೇ ಮಾತಾಡುತ್ತಿದ್ದರು.

ಮುಂದೆ ಕೆಲವು ವರ್ಷ ಕಳೆದವು. ಲಾರಿಗಳು ಇನ್ನೂ ಹೆಚ್ಚಾಗಿದ್ದವು. ನಾನು ಅಂಗಡಿಯಲ್ಲಿ ಅಪ್ಪನ ಜೊತೆ ಕೂರುತ್ತಿದ್ದೆ. ಈರಣ್ಣ ಪಕ್ಕದ ತಿರುವಿನಲ್ಲಿ ಲಾರಿ ಟೈರು ಬಿಚ್ಚಿ ಹಾಕುವ ಕೆಲಸ ಹಿಡಿದಿದ್ದ. ದೇವಕ್ಕ ಅದೇ ಶೆಲ್ಟರಿನಲ್ಲಿ ಅದೇ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಅದಿರು ತುಂಬಿದ ಲಾರಿಯೊಂದು ಹತೋಟಿ ತಪ್ಪಿ ಶೆಲ್ಟರಿನ ಕಂಬಕ್ಕೆ ಗುದ್ದಿತು. ಕಂಬದೊಳಗೆ ಕಬ್ಬಿಣ ಅನ್ನುವುದು ಹೆಸರಿಗಷ್ಟೇ ಇತ್ತು. ಇಡೀ ಚಾವಣಿ ಒಂದೇ ಚಪ್ಪಡಿಯಾಗಿ ಕೆಳಗೆ ಕೂತಿತು. ಧೂಳು ಇಳಿದಾಗ ಅದರ ಅಂಚಿನಲ್ಲಿ ಹಸಿರು ಬಳೆಯ ಒಂದು ಕೈ ಕಂಡಿತು, ಸುತ್ತ ಪೇರಲಹಣ್ಣು ಚೆಲ್ಲಿತ್ತು. ನಾನು ಕೂಗಿಕೊಂಡೆ. ಅಷ್ಟರಲ್ಲಿ ಡ್ರೈವರು ಲಾರಿಯಿಂದ ಹಾರಿ ರಸ್ತೆ ದಾಟಿ ನಮ್ಮ ಅಂಗಡಿಗೇ ನುಗ್ಗಿದ. ನಡುವಯಸ್ಸಿನ ಮನುಷ್ಯ, ಅನಂತಪುರದ ಕಡೆಯವನಿರಬೇಕು. ‘ಅಮ್ಮಾ, ಚಂಪೇಸ್ತಾರಮ್ಮಾ, ದಾಚಂಡಿ’ ಎಂದು ನನ್ನ ಕಾಲಿಗೆ ಬಿದ್ದ. ಕೊಲ್ಲುತ್ತಾರೆ, ಬಚ್ಚಿಡಿ ಅನ್ನುತ್ತಿದ್ದ. ನಮ್ಮಪ್ಪ ಅವನನ್ನು ರಟ್ಟೆ ಹಿಡಿದು ಎತ್ತಿ ಹಿಂದಿದ್ದ ದೊಡ್ಡ ಕಾಳಿನ ಪೆಟ್ಟಿಗೆಯೊಳಗೆ ಕೂರಿಸಿದ.

ಜನ ಸೇರಿದರು. ಯಾರೂ ಚಪ್ಪಡಿ ಎತ್ತಲು ಹೋಗಲಿಲ್ಲ, ಎಲ್ಲರಿಗೂ ಡ್ರೈವರು ಬೇಕಾಗಿದ್ದ. ಲಾರಿಗೆ ಬೆಂಕಿ ಬಿತ್ತು. ಟೈರು ಸುಡುವ ಹೊಗೆ ಬಜಾರಿಗೆಲ್ಲ ಕವಿಯಿತು. ಅವನು ನಮ್ಮಲ್ಲಿದ್ದಾನೆಂದು ಯಾರೋ ಕೂಗಿದ ಕೂಡಲೇ ಕಲ್ಲುಗಳು ಅಂಗಡಿಯ ಕಡೆ ತಿರುಗಿದವು. ಮೊದಲ ಕಲ್ಲಿಗೆ ಅಪ್ಪನ ಹಲ್ಲು ಮುರಿಯಿತು.

ಆಗ ಸರ್ ಶಾಲೆಯಿಂದ ತಮ್ಮ ಲೂನಾದಲ್ಲಿ ಬಂದರು. ಅದನ್ನು ರಸ್ತೆಯಲ್ಲೇ ಕೆಡವಿ, ಕಲ್ಲು ಬೀಳುತ್ತಿದ್ದಂತೆಯೇ ಒಳಗೆ ನಡೆದರು. ಪೆಟ್ಟಿಗೆಯಲ್ಲಿ ಮೊಣಕಾಲು ಅಪ್ಪಿ ಕೂತ ಡ್ರೈವರನ್ನು ನೋಡಿದರು. ಅವನ ಕೆನ್ನೆಗೆ ಎರಡು ಬಾರಿಸಿದರು. ಅವನ ಬಾಯಿಂದ ರಕ್ತ ಬಂತು.

‘ತಗಡು,’ ಅಂದರು ನನಗೆ. ‘ಮುಚ್ಚಳ ತಗಿ. ಎಲ್ಲಾ ತಗಿ.’

ಆಮೇಲೆ ಬಾಗಿಲಿಗೆ ಹೋಗಿ ನಿಂತು, ಕ್ಲಾಸಿನಲ್ಲಿ ಹಾಜರಿ ಕೂಗುವ ದನಿಯಲ್ಲೇ ಕೂಗಿದರು. ‘ಹತ್ತನೇ ಬಿ. ಶೆಲ್ಟರ್. ಲಗೂ ಬರ್ರಿ.’

ಮುಂದಿನದನ್ನು ನಾನು ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ. ಆ ಗುಂಪಿನಲ್ಲಿ ನಮ್ಮ ಕ್ಲಾಸಿನವರು ಎಷ್ಟೋ ಮಂದಿ ಇದ್ದರು. ಆಟೋದವನು, ಮೊಬೈಲ್ ಅಂಗಡಿಯವನು, ರಸಗೊಬ್ಬರದವನು. ಕೈಯಲ್ಲಿ ಕಲ್ಲು ಹಿಡಿದಿದ್ದವನೊಬ್ಬ ಕಲ್ಲನ್ನು ಮೆಲ್ಲಗೆ ಕೆಳಗಿಟ್ಟು, ತಲೆ ತಗ್ಗಿಸಿಕೊಂಡು ಬಂದು ನನ್ನ ಕೈಯಿಂದ ಮುಚ್ಚಳ ಇಸಿದುಕೊಂಡ. ಅವನ ಹಿಂದೆ ಇನ್ನೊಬ್ಬ. ದೊಡ್ಡ ಪುಣ್ಯದ ಕೆಲಸವೆಂದು ಅವರು ಬರಲಿಲ್ಲ. ಆಟೋದವನು ಆಮೇಲೆ ನನಗೆ ಹೇಳಿದ್ದಿಷ್ಟು: ‘ಆ ದನಿ ಕೇಳಿದ್ರ ಕಾಲು ತಾವ ಹೋದವು ಬೇ. ಹೋಗದಿದ್ರ ಡಸ್ಟರ್ ಬೀಳತೈತಿ ಅನಿಸ್ತು.’

ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ಸಾಲು ನಿಂತೆವು. ನಾನು ಕೊನೆಯಲ್ಲಿದ್ದೆ. ನನ್ನ ಕೈಲಿದ್ದದ್ದು ಡ್ರೈವರು ಕೂತ ಪೆಟ್ಟಿಗೆಯದೇ ಮುಚ್ಚಳ. ಈ ಸಲ ಯಾರೂ ಸಂದಿ ಬಿಡಲಿಲ್ಲ, ಕಲಿತ ಪಾಠ ಮೈಗೆ ನೆನಪಿತ್ತು. ಕಲ್ಲು, ಇಟ್ಟಿಗೆ, ಸೋಡಾ ಬಾಟಲಿ ತಗಡಿಗೆ ಬಡಿದು ತೋಳಿನ ಕೀಲುಗಳು ನಡುಗಿದವು. ನನ್ನ ಬಲಕ್ಕೆ ನಿಂತ ಆಟೋದವನ ಹಣೆಯಿಂದ ರಕ್ತ ನನ್ನ ದುಪಟ್ಟಾದ ಮೇಲೆ ಇಳಿಯಿತು, ಆದರೂ ಅವನ ಮುಚ್ಚಳ ನನ್ನ ಭುಜ ಬಿಟ್ಟು ಸರಿಯಲಿಲ್ಲ. ಸರ್ ಮಾತ್ರ ಸಾಲಿನ ಮುಂದೆ ಬರಿಗೈಯಲ್ಲಿ ನಿಂತಿದ್ದರು. ಕ್ಲಾಸಿನಲ್ಲೂ ಅವರು ಸಾಲಿನೊಳಗೆ ನಿಂತವರಲ್ಲ.

ಈರಣ್ಣ ಬಂದ. ಕೈಯಲ್ಲಿ ಲಾರಿಯ ಜಾಕಿ ರಾಡು. ಗುಂಪು ಅವನಿಗೆ ದಾರಿ ಬಿಟ್ಟಿತು. ಅವನ ಮುಖ ನೋಡಿ ನನ್ನ ಕೈಯ ಮುಚ್ಚಳ ಜಾರಿತು. ಪೆಟ್ಟಿಗೆಯಲ್ಲಿದ್ದವನು ಸತ್ತ ಎಂದುಕೊಂಡೆ.

‘ಆಚಿ ಸರೀರಿ ಸಾರ್,’ ಅಂದ.

‘ಈರ, ನಿಮ್ಮವ್ವ ಇನ್ನಾ ಚಪ್ಪಡಿ ಕೆಳಗ ಅದಾಳ. ಆಕಿನ್ನ ತಗಿಯಾಕ ಒಬ್ಬನೂ ಹೋಗಿಲ್ಲ. ಮೊದಲ ಅಲ್ಲಿ ನಡಿ.’

‘ಆಚಿ ಸರೀರಿ, ದಾರಿ ಬಿಡ್ರಿ.’

‘ನಾ ಅವನ್ನ ಹೊಡದೀನಿ. ಅಷ್ಟ ಸಾಕು. ಇವತ್ತ ಅವನ್ನ ಕೊಂದ್ರ ನಾಳೆ ಆಕಿನ್ನ ಮಣ್ಣ ಮಾಡಾಕ ಯಾರು ಇರತಾರಲೇ?’

ರಾಡು ಮೇಲೆದ್ದಿತು. ಸರ್ ಬಲಗೈ ಅಡ್ಡ ಹಿಡಿದರು. ಒಣಕಟ್ಟಿಗೆ ಮುರಿದಂಥ ಸದ್ದು ಬಂತು. ಸರ್ ಬೀಳಲಿಲ್ಲ. ಎಡಗೈಯಿಂದ ಈರಣ್ಣನ ಕೆನ್ನೆಗೆ ಒಂದು ಕೊಟ್ಟರು. ಅವನ ಕೈಯಿಂದ ರಾಡು ಬಿತ್ತು, ಅವನು ರಸ್ತೆಯಲ್ಲೇ ಕುಕ್ಕರಿಸಿ ‘ಯವ್ವಾ’ ಎಂದ. ಆಗ ಗುಂಪಿಗೆ ದೇವಕ್ಕ ನೆನಪಾದಳು. ಕಲ್ಲು ಹಿಡಿದಿದ್ದ ಕೈಗಳೇ ಹೋಗಿ ಚಪ್ಪಡಿ ಎತ್ತಿದವು. ಅವಳು ಯಾವಾಗಲೋ ಹೋಗಿದ್ದಳು.

ಪೊಲೀಸರು ಬಂದು ಡ್ರೈವರನ್ನು ಪೆಟ್ಟಿಗೆಯಿಂದ ಎಬ್ಬಿಸಿಕೊಂಡು ಹೋದರು. ಸರ್ ಮೊಣಕೈ ನೋಡಿ, ಯಾರು ಮುರಿದದ್ದು ಎಂದು ಕೇಳಿದರು.

‘ಶೆಲ್ಟರ್ ಬಿತ್ತಲ್ಲ, ಅದರ ಅಂಚು ತಾಕ್ತು’ ಅಂದರು ಸರ್.

‘ಶೆಲ್ಟರ್ ಬಿದ್ದಾಗ ನೀವು ಸಾಲಿಯಾಗ ಇದ್ರಂತಲ್ರಿ.’

‘ನನ್ನ ಕೈ ಇಲ್ಲಿತ್ತು.’

ನಾವು ಸಾಲಿನಲ್ಲಿದ್ದವರೆಲ್ಲ ಹೌದೆಂದೆವು. ಹಲ್ಲು ಮುರಿದ ಬಾಯಿ ಒರೆಸಿಕೊಳ್ಳುತ್ತ ನಮ್ಮಪ್ಪನೂ ಹೌದೆಂದ. ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೋದರೆ ಹೊಡೆದಾಟದ ಗಾಯವೆಂದು ಬರೆದುಕೊಳ್ಳುತ್ತಾರೆ, ಈರಣ್ಣ ಒಳಗೆ ಹೋಗುತ್ತಾನೆ. ಅದಕ್ಕೇ ಸರ್ ಅಲ್ಲಿಗೆ ಹೋಗಲೇ ಇಲ್ಲ. ಸಿರುಗುಪ್ಪದ ಕಡೆ ಮೂಳೆ ಕಟ್ಟುವ ಮುದುಕನೊಬ್ಬನಿದ್ದ. ಅವನು ಬಿದಿರಿನ ಸೀಳು, ಮೊಟ್ಟೆಯ ಬಿಳಿ, ಹಳೇ ಧೋತರದ ಪಟ್ಟಿ ಹಾಕಿ ಕಟ್ಟಿದ. ಕೈ ಕೂಡಿತು, ಆದರೆ ಅಡ್ಡಾದಿಡ್ಡಿ ಕೂಡಿತು. ಮೊಣಕೈ ಹೊರಕ್ಕೆ ಚಾಚಿ, ಮಡಚಲೂ ಬಾರದೆ ನೀಡಲೂ ಬಾರದೆ ನಿಂತುಬಿಟ್ಟಿತು. ಈರಣ್ಣ ಮಾರನೆಯ ದಿನ ಅವ್ವನನ್ನು ಮಣ್ಣು ಮಾಡಿದ. ಸ್ವಲ್ಪ ದಿನಕ್ಕೆ ಊರು ಬಿಟ್ಟು ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿಗೆ ಸೇರಿದ. ಯಾರು ಮುರಿದದ್ದೆಂದು ಕುರುಗೋಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಒಬ್ಬರೂ ಆಡಲಿಲ್ಲ.

ಕೈ ಹೋದ ಮೇಲೆ ಸರ್ ಸಾಧುವಾದರು ಎಂದು ಸಭೆಯಲ್ಲಿ ಒಬ್ಬ ಹೇಳಿದ. ಸುಳ್ಳು. ಎಡಗೈಯಿಂದ ಬರೆಯುವುದನ್ನು ಅಂಗನವಾಡಿ ಮಕ್ಕಳಂತೆ ಮೊದಲಿನಿಂದ ಕಲಿತರು, ಅದು ನಿಜ. ಬೋರ್ಡಿನ ಮೇಲಿನ ಸೊಟ್ಟ ಅಕ್ಷರ ನೋಡಿ ಹುಡುಗರು ನಗುತ್ತಿದ್ದರು. ನಕ್ಕವರಿಗೆ ಎಡಗೈ ಏಟು ಬೀಳುತ್ತಿತ್ತು.

ನಾನು ಮದುವೆಯಾಗಿ ಬಳ್ಳಾರಿಯ ಬ್ರೂಸ್‌ಪೇಟೆಗೆ ಬಂದೆ. ಅಲ್ಲೂ ತಗಡಿನ ಅಂಗಡಿಯೇ. ಸರ್ ಹಾಸಿಗೆ ಹಿಡಿದರೆಂದು ತಿಳಿದು ಅವರ ಹಳ್ಳಿಗೆ ಹೋದೆ. ನನ್ನ ಹುಬ್ಬು ನೋಡಿ, ‘ಇನ್ನಾ ಐತಲ್ಲ ತಗಡು’ ಅಂದರು.

‘ಎಲ್ಲಿ ಹೋಗತೈತಿ ಸಾರ್? ಆ ಶೆಲ್ಟರ್ ಕಥಿ ನಿಜಾನ?’

‘ಇರಬಹುದು ಅಂತ ಬರದಾರ. ಖಾತ್ರಿ ಇಲ್ಲದ ಮಾತಿಗೆ ಕೈ ಮುರಿಸಿಕೊಂಡ ಮೊದಲನೇ ಮಾಸ್ತರ ನಾನ ಇರಬೇಕು.’

ನಕ್ಕೆವು. ಆಮೇಲೆ ನನಗೆ ಸಿಟ್ಟೇ ಬಂತು. ಅಷ್ಟು ಯಾಕೆ ಹೊಡೆಯುತ್ತಿದ್ದಿರಿ ಎಂದು ಕೇಳಿಬಿಟ್ಟೆ.

‘ನಮ್ಮಪ್ಪ ನನಗ ಹೊಡೀತಿದ್ದ. ಅದು ಬಿಟ್ಟು ಬ್ಯಾರೆ ದಾರಿ ಗೊತ್ತಿರಲಿಲ್ಲ.’

‘ಗೊತ್ತಾದ ಮ್ಯಾಲ?’

‘ಗೊತ್ತಾದ ಮ್ಯಾಲೂ ಎಡಗೈ ಇತ್ತಲ್ಲ’ ಅಂದರು. ಈ ಸಲ ಇಬ್ಬರೂ ನಗಲಿಲ್ಲ. ಅವರನ್ನು ನಾನು ಪೂರ್ತಿ ಕ್ಷಮಿಸಿಲ್ಲ. ಆದರೂ ಅವರಿಲ್ಲ ಎಂದು ಫೋನು ಬಂದಾಗ ಅಂಗಡಿಯ ಬಾಗಿಲು ಹಾಕಿಕೊಂಡು ಅತ್ತೆ.

ಮಣ್ಣು ಅವರ ಹೊಲದಲ್ಲೇ, ಹೊಳೆ ಕಾಣುವ ಕಡೆ. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕುಣಿ ತೋಡಿ ಅದರ ಒಂದು ಗೋಡೆಯಲ್ಲಿ ಗೂಡು ಕೊರೆದು, ಆ ಗೂಡಿನೊಳಗೆ ಮೈಯನ್ನು ಕೂರಿಸಿ, ವಿಭೂತಿ, ಬಿಲ್ವಪತ್ರೆ ಹಾಕಿ ಮುಚ್ಚುತ್ತಾರೆ. ನಾನು ಹೆಂಗಸರ ಜೊತೆ ತುಸು ದೂರ ನಿಂತಿದ್ದೆ. ಇಳಿಸಿದರು. ತಲೆ ಒಳಗೆ ಹೋಯಿತು, ಕಾಲು ಹೋದವು. ಹೊರಕ್ಕೆ ಚಾಚಿದ ಬಲ ಮೊಣಕೈ ಗೂಡಿನ ಬಾಯಿಗೆ ಸಿಕ್ಕಿಕೊಂಡಿತು. ಒತ್ತಿದರು, ತಿರುಗಿಸಿದರು, ಮತ್ತೆ ಹೊರಗೆಳೆದರು.

ಕುಣಿಯಲ್ಲಿದ್ದವನೊಬ್ಬ ಮೇಲೆ ನೋಡಿ, ‘ಹಿಂಗ ಹೋಗಂಗಿಲ್ಲ. ಕೈ ಮುರದ ಕುಂದ್ರಸಬೇಕು’ ಅಂದ. ಹಿರಿಯರು ಒಬ್ಬರನ್ನೊಬ್ಬರು ನೋಡಿದರು. ಹೊತ್ತಾಗುತ್ತಿತ್ತು. ಒಬ್ಬರು ಆಗಲಿ ಎಂಬಂತೆ ತಲೆ ಆಡಿಸಿದರು.

ಗುಂಪಿನ ಹಿಂದಿನಿಂದ ಒಬ್ಬ ಜನರನ್ನು ತಳ್ಳಿಕೊಂಡು ಬಂದು ಕುಣಿಗೆ ಧುಮುಕಿದ. ಹಮಾಲಿಯ ಹೆಗಲು, ಕೂದಲಿಗೆ ಅಕ್ಕಿ ತೌಡು ಮೆತ್ತಿತ್ತು. ಈರಣ್ಣನೆಂದು ಗುರುತು ಹಿಡಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಅವನು ಆ ಕೈಯನ್ನು ಹಿಡಿದುಕೊಂಡವನ ರಟ್ಟೆ ಹಿಡಿದು ಬಿಡಿಸಿದ.

‘ಇದು ನಾ ಮುರದ ಕೈ,’ ಅಂದ. ಊರೆಲ್ಲ ಕೇಳುವಷ್ಟು ಗಟ್ಟಿಯಾಗಿ ಅಂದ. ‘ಇನ್ನೊಮ್ಮಿ ಮುರಿಯಾಕ ಬಿಡಂಗಿಲ್ಲ. ಸನಿಕಿ ಕೊಡ್ರಿ.’

ಯಾರೋ ಸನಿಕೆ ಕೊಟ್ಟರು. ಸರ್ ಅವರನ್ನು ತನ್ನ ಎದೆಗೆ ಒರಗಿಸಿಕೊಳ್ಳುವಂತೆ ನಮ್ಮ ಆಟೋದವನಿಗೆ ಹೇಳಿದ. ಅವನೂ ಕುಣಿಗೆ ಇಳಿದು ಒರಗಿಸಿಕೊಂಡು ಕೂತ. ಈರಣ್ಣ ಗೂಡಿನ ಬಲಮಗ್ಗುಲನ್ನು ಕೊರೆಯತೊಡಗಿದ. ನಡುನಡುವೆ ನಿಲ್ಲಿಸಿ, ತನ್ನ ಮೊಣಕೈ ಒಳಗೆ ಚಾಚಿ ಅಳತೆ ನೋಡುತ್ತಿದ್ದ, ಮತ್ತೆ ಕೊರೆಯುತ್ತಿದ್ದ. ಸರ್ ಕೈ ಎಲ್ಲೂ ತಾಕದೆ ಒಳಗೆ ಹೋಗುವಷ್ಟು ಗೂಡು ದೊಡ್ಡದಾಗುವವರೆಗೆ ಸನಿಕೆಯನ್ನು ಯಾರಿಗೂ ಕೊಡಲಿಲ್ಲ.